ಕಾದ ಮೈಗೆ ತಣ್ಣೀರು

ನಮ್ಮ ಬೀದಿಯಲ್ಲಿ ಇಸ್ತ್ರಿ ಮಾಡಿದ ಹೆಂಗಸು ಕೈ ತೊಳೆಯುವುದಿಲ್ಲ. ಒಲೆಯ ಮುಂದೆ ನಿಂತು ಬಂದವನು ಮುಖಕ್ಕೆ ನೀರು ಹಾಕಿಕೊಳ್ಳುವುದಿಲ್ಲ. ಓಡಿ ಬಂದವನು ಸ್ನಾನ ಮಾಡುವುದಿಲ್ಲ. ಯಾಕೆ ಎಂದು ಕೇಳಿ ನೋಡಿ, ಎಲ್ಲರ ಬಾಯಲ್ಲೂ ಒಂದೇ ಮಾತು: ಪಾಸ್ಮಾ ಬರುತ್ತದೆ. ಕಾದ ಮೈಗೆ ತಣ್ಣೀರು ತಗುಲಿದರೆ ನರಗಳು ಗಂಟು ಕಟ್ಟುತ್ತವಂತೆ, ಕೈ ನಡುಗುತ್ತದಂತೆ, ಅಂಗೈ ಸದಾ ಬೆವರುತ್ತದಂತೆ. ಅದೇ ಪಾಸ್ಮಾ. ಡಾಕ್ಟರುಗಳ ಪುಸ್ತಕದಲ್ಲಿ ಇಂಥದೊಂದು ಕಾಯಿಲೆಯೇ ಇಲ್ಲವಂತೆ. ಆದರೆ ನಮ್ಮ ಲಿಪಾತಾನ್ ಊರಿನಲ್ಲಿ ಡಾಕ್ಟರುಗಳ ಪುಸ್ತಕ ಯಾರಿಗೆ ಬೇಕು?

ನನ್ನ ಪಾಡು ಕೇಳಿ. ನನ್ನ ಗಂಡ ದೆಲ್ಫಿನ್ ಬೇಕರಿಯಲ್ಲಿ ಒಲೆ ನೋಡಿಕೊಳ್ಳುವವನು. ಬೆಳಗಿನ ಜಾವಕ್ಕೆ ಹೋಗಿ, ಊರಿಗೆಲ್ಲ ಪಾಂದೆಸಾಲ್ ಬನ್ನು ಬೇಯಿಸಿ, ಹಿಟ್ಟು ಮೆತ್ತಿದ ಕೈಯಲ್ಲೇ ಮನೆಗೆ ಬಂದು ಕುರ್ಚಿಯಲ್ಲಿ ಕೂತುಬಿಡುತ್ತಾನೆ. ಕೈ ತೊಳೆಯುವ ಹಾಗಿಲ್ಲ. ಬಾಗಿಲ ಹಿಡಿಯಲ್ಲಿ ಹಿಟ್ಟು, ಟೀವಿ ರಿಮೋಟಿನಲ್ಲಿ ಹಿಟ್ಟು, ನನ್ನ ದಿಂಬಿನ ಮೇಲೆ ಹಿಟ್ಟು. ಇದು ಸಾಲದು ಎಂಬಂತೆ ಈ ವರ್ಷ ಅವನಿಗೆ ಓಟದ ಹುಚ್ಚು ಬೇರೆ ಹತ್ತಿತು. ಸಂಜೆ ಓಡಿ ಬಂದವನು ಬೆವರು ಆರುವ ತನಕ ನೀರು ಮುಟ್ಟುವುದಿಲ್ಲ. ಬೆವರು ಆರಿದ ಮೇಲೂ ಒಳಗಿನ ಕಾವು ಇಳಿಯಬೇಕಂತೆ. ಅದು ಇಳಿಯುವಷ್ಟರಲ್ಲಿ ಅವನಿಗೆ ನಿದ್ದೆ ಬಂದಿರುತ್ತದೆ. ಆ ವಾಸನೆಯ ಪಕ್ಕದಲ್ಲಿ ಮಲಗುವವಳು ನಾನು ತಾನೇ?

ಓಟ ಎಂದರೆ ದೊಡ್ಡ ನಗರದ್ದೇನಲ್ಲ, ನಮ್ಮ ಊರಿನದ್ದೇ. ನಮ್ಮ ಆಂಬುಲೆನ್ಸ್ ಚಕ್ರ ಕಳಚಿಕೊಂಡು ಇಟ್ಟಿಗೆಯ ಮೇಲೆ ಕೂತಿತ್ತು. ಅದರ ರಿಪೇರಿಗೆ ಹಣ ಕೂಡಿಸಲು ಮೇ ತಿಂಗಳಲ್ಲಿ ಹತ್ತು ಕಿಲೋಮೀಟರ್ ಓಟ ಇಟ್ಟರು. ಗೆದ್ದವರಿಗೆ ಒಂದು ಮೂಟೆ ಅಕ್ಕಿ, ಮುಗಿಸಿದವರಿಗೆಲ್ಲ ಪದಕ. ಮಾರುಕಟ್ಟೆಯಲ್ಲಿ ಮೀನು ಮಾರುವ ರುಫೀನೋ ನನ್ನ ಗಂಡನ ಹೊಟ್ಟೆ ತಟ್ಟಿ, "ಏನಯ್ಯಾ, ಬೇಯ್ಸಿದ್ದನ್ನೆಲ್ಲ ನೀನೇ ತಿಂತೀಯಾ? ಓಟಕ್ಕೆ ಬಾ. ನನ್ನ ಹಿಂದಿನಿಂದ ಬಂದು ಮುಗ್ಸಿದ್ರೂ ಸಾಕು, ನಿನಗೊಂದು ದೊಡ್ಡ ಮೀನು ಕೊಡ್ತೀನಿ" ಎಂದನಂತೆ. ಅಷ್ಟೇ ಸಾಕಾಯಿತು. ಮಾರನೇ ದಿನವೇ ಹೋಗಿ ಹೆಸರು ಬರೆಸಿ ಬಂದ. ನನ್ನನ್ನು ಒಂದು ಮಾತು ಕೇಳಿದನೇ? ಇಲ್ಲ.

ಇನ್ನು ನಮ್ಮ ಅತ್ತೆ ಪೂರಿಂಗ್. ಅವರನ್ನು ನಾನೂ ನಾನಾಯ್ ಎಂದೇ ಕರೆಯುವುದು, ಅಂದರೆ ಅಮ್ಮ. ಊರಿನ ಬೇರೆಯವರಿಗೆ ಅವರು ಲೋಲಾ, ಅಂದರೆ ಅಜ್ಜಿ. ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಜಗಳ ಆಡುವುದು ಸುಲಭವಾಗುತ್ತಿತ್ತು. ಗಂಡ ಹೋದ ಮೇಲೆ ಊರಿನ ಅನುಕೂಲಸ್ಥರ ಮನೆಗಳ ಬಟ್ಟೆ ಒಗೆದು, ಇಸ್ತ್ರಿ ಮಾಡಿ, ಒಬ್ಬನೇ ಮಗನನ್ನು ಸಾಕಿದವರು. ಬೆರಳ ತುದಿ ತಾಗಿಸಿದರೆ ಸಾಕು, ಇಸ್ತ್ರಿಪೆಟ್ಟಿಗೆ ರೇಷ್ಮೆಗೆ ಸರಿಯೋ ಹತ್ತಿಗೆ ಸರಿಯೋ ಹೇಳುತ್ತಾರೆ. ಆದರೆ ಆ ಕೈಗಳು ನಡುಗುತ್ತವೆ. ಕಾಫಿ ಲೋಟ ಬಾಯಿಗೆ ಹೋಗುವಷ್ಟರಲ್ಲಿ ಅರ್ಧ ಬಟ್ಟೆಗೆ. ಮಗ ಚಿಕ್ಕವನಿದ್ದಾಗ ಒಂದು ದಿನ ಇಸ್ತ್ರಿ ಮುಗಿಸಿದವರೇ ಮರೆತು ಬಾವಿಯ ನೀರಿನಲ್ಲಿ ಕೈ ತೊಳೆದರಂತೆ. ಅಂದಿನಿಂದ ಈ ನಡುಕ ಎನ್ನುವುದು ಅವರ ಲೆಕ್ಕ. ಆ ಕೈ ಎತ್ತಿ ತೋರಿಸಿದರೆಂದರೆ ಬೀದಿಯಲ್ಲಿ ಯಾರಿಗೂ ಮುಂದಕ್ಕೆ ಮಾತಿಲ್ಲ.

ಓಟಕ್ಕೆ ಇನ್ನೇನು ಕೆಲವೇ ದಿನ ಎನ್ನುವಾಗ ದೆಲ್ಫಿನ್‌ಗೆ ಜ್ವರ ಬಂತು. ಮಾತ್ರೆ ನುಂಗಿ ಮಲಗಿದ, ಎದ್ದ, ಮತ್ತೆ ಓಡಲು ಶೂ ಹುಡುಕತೊಡಗಿದ. ಅದೇ ಹೊತ್ತಿಗೆ ಓಫೆಲಿಯಾ ಅಕ್ಕ ಐಸ್ ಕೊಳ್ಳಲು ನನ್ನ ಅಂಗಡಿಗೆ ಬಂದಳು. ನನ್ನ ಅಂಗಡಿ ಎಂದರೆ ಮನೆಯ ಮುಂದಿನ ಕಿಟಕಿ, ಅಷ್ಟೇ. ಸಾರ್ಡೀನ್ ಡಬ್ಬಿ, ಶಾಂಪೂ ಸ್ಯಾಷೆ, ಸೋಪು, ಮತ್ತೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದ ಐಸ್. ಓಫೆಲಿಯಾ ಅಕ್ಕ ನಮ್ಮ ಬಡಾವಣೆಯ ಆರೋಗ್ಯ ಕಾರ್ಯಕರ್ತೆ. ಮಕ್ಕಳ ತೂಕ ನೋಡುವುದು, ಮುದುಕರ ಬಿಪಿ ನೋಡುವುದು, ಎಲ್ಲರ ಕೈಲೂ ಬೈಸಿಕೊಳ್ಳುವುದು ಅವಳ ಕೆಲಸ.

"ದೆಲ್ಫಿನ್, ಜ್ವರ ಯಾವಾಗ ಬಿಡ್ತೋ?" ಎಂದು ಕೇಳಿದಳು.

"ನಿನ್ನೆ ಬಿಡ್ತು ಅಕ್ಕ. ಈಗ ಕಲ್ಲಿದ್ದ ಹಾಗಿದೀನಿ."

"ಕಲ್ಲು ಮನೇಲೇ ಇರ್ಲಿ. ಜ್ವರ ಬಂದು ಎದ್ದ ಮೈ ಬಿಸಿಲಿಗೆ ಬೇಗ ಕಾಯತ್ತೆ. ಈ ಸಲದ ಓಟ ಬಿಟ್ಬಿಡು."

"ಅಯ್ಯೋ, ಟೀಶರ್ಟ್ ಕೊಟ್ಬಿಟ್ಟಿದಾರೆ ಅಕ್ಕ! ಬೆನ್ನ ಮೇಲೆ ಹೆಸರು ಬೇರೆ ಹಾಕ್ಸಿದೀನಿ."

"ಹಾಕ್ಕೊಂಡು ಮನೇಲಿ ಕೂತ್ಕೊ. ಯಾರಾದ್ರೂ ಬೇಡ ಅಂದ್ರಾ?"

"ಹೇಳಕ್ಕ, ಇನ್ನೊಂದು ಸಲ ಹೇಳು" ಎಂದೆ ನಾನು. "ನಾನು ಹೇಳಿದ್ರೆ ಗೋಡೆಗೆ ಹೇಳಿದ ಹಾಗೆ. ಗೋಡೆನಾದ್ರೂ ಹಿಟ್ಟು ಮೆತ್ಕೊಂಡು ಓಡಾಡಲ್ಲ."

ಅವನು ಹಲ್ಲು ಕಿರಿದ. ಮೀನಿನವನ ಮುಂದೆ ಸೋಲುವುದಕ್ಕಿಂತ ಸಾಯುವುದು ಮೇಲು ಎಂಬ ಮುಖ ಮಾಡಿಕೊಂಡು ನಿಂತ. ಓಫೆಲಿಯಾ ಅಕ್ಕ ನಿಟ್ಟುಸಿರು ಬಿಟ್ಟಳು.

"ಆಯ್ತಪ್ಪ, ಓಡ್ಲೇಬೇಕು ಅಂತಿದ್ರೆ ಇಷ್ಟು ಕೇಳು. ಹಿಂದಿನ ದಿನದಿಂದಲೇ ಚೆನ್ನಾಗಿ ನೀರು ಕುಡಿ. ದಾರಿಯಲ್ಲಿ ನೀರು ಇಟ್ಟಿರ್ತೀವಿ. ಕುಡಿ, ತಲೆ ಮೇಲೂ ಸುರ್ಕೊ. ತಲೆ ಸುತ್ತಿದ್ರೆ, ಆ ಬಿಸಿಲಲ್ಲೂ ಚಳಿ ಚಳಿ ಅನ್ಸಿದ್ರೆ, ಅಲ್ಲೇ ನಿಂತ್ಕೊ. ಪದಕ ಮುಂದಿನ ವರ್ಷಾನೂ ಕೊಡ್ತಾರೆ."

ಒಳಗಿನಿಂದ ಅತ್ತೆ ಬಂದೇಬಿಟ್ಟರು. "ತಲೆ ಮೇಲೆ ನೀರಾ? ಓಡ್ತಾ ಇರೋ ಮೈಗೆ? ನಿನಗೇನು ತಲೆ ಕೆಟ್ಟಿದೆಯೇನೇ ಓಫೆಲಿಯಾ?"

"ನಾನಾಯ್, ಬಿಸಿ ಆದ ಮೈಗೆ ನೀರು ಒಳ್ಳೇದು. ಏನೂ ಆಗಲ್ಲ."

"ಏನೂ ಆಗಲ್ವಾ? ನೋಡಿಲ್ಲಿ!" ಎಂದು ಎರಡೂ ಕೈ ಎತ್ತಿ ಕಿಟಕಿಯ ಮುಂದೆ ಹಿಡಿದರು. ಬೆರಳುಗಳು ಗಡಗಡ ನಡುಗುತ್ತಿದ್ದವು. "ಇವನು ಹಿಟ್ಟು ನಾದೋನು. ಇವನ ಕೈಗೆ ಹಿಂಗಾದ್ರೆ ನೀನು ಬಂದು ನಾದ್ತೀಯಾ?"

"ನಾನಾಯ್, ನಮ್ಮ ಬೆಸ್ತರು ದಿನಾ ಬಿಸಿಲಲ್ಲಿ ಬೆವರು ಸುರಿಸ್ತಾ ಸಮುದ್ರಕ್ಕೆ ಹಾರ್ತಾರಲ್ಲ, ಅವರಿಗೆ ಯಾಕೆ ಪಾಸ್ಮಾ ಬರಲ್ಲ?"

ಅತ್ತೆ ಒಂದು ಕ್ಷಣವೂ ತಡವರಿಸಲಿಲ್ಲ. "ಅದು ಉಪ್ಪುನೀರು!"

ಓಫೆಲಿಯಾ ಅಕ್ಕ ಐಸ್ ಚೀಲ ಎತ್ತಿಕೊಂಡು ಹೊರಟಳು. ನಾನು ಗಂಡನ ಮುಖ ನೋಡಿದೆ. ಅವನು ಅಮ್ಮನ ಮುಖ ನೋಡಿದ. "ನಾನಾಯ್ ಹೇಳೋದ್ರಲ್ಲೂ ಅರ್ಥ ಇದೆ ಲಿಗಾಯಾ" ಎಂದು ನನಗೇ ಹೇಳಿದ. ನನಗೆ ಮೈಯೆಲ್ಲ ಉರಿದುಹೋಯಿತು.

ಓಟದ ದಿನದ ಕಥೆಯನ್ನು ಹೇಗೆ ಹೇಳಲಿ. ಬೆಳಕು ಹರಿಯುವ ಮುಂಚೆ ಶುರು ಮಾಡುತ್ತೇವೆ, ತಂಪಿನಲ್ಲೇ ಮುಗಿಸುತ್ತೇವೆ ಎಂದು ಮೈಕಿನಲ್ಲಿ ವಾರವಿಡೀ ಕೂಗಿದ್ದರು. ಎಲ್ಲರೂ ಕತ್ತಲಲ್ಲೇ ಹೋಗಿ ಚರ್ಚಿನ ಮುಂದೆ ನಿಂತರು. ಮೊದಲು ಪ್ರಾರ್ಥನೆ. ಆಮೇಲೆ ರಾಷ್ಟ್ರಗೀತೆ. ಆಮೇಲೆ ಮೈ ಬೆಚ್ಚಗಾಗಲಿ ಎಂದು ಕುಣಿತ. ಕುಣಿತ ಮುಗಿದರೂ ಮುಖ್ಯ ಅತಿಥಿಗಳು ಬರಲಿಲ್ಲ, ಆದ್ದರಿಂದ ಇನ್ನೊಂದು ಸುತ್ತು ಕುಣಿತ. ಅತಿಥಿಗಳು ಬಂದರು, ಭಾಷಣ ಮಾಡಿದರು. ಒಬ್ಬರು ಮಾತಾಡಿದ ಮೇಲೆ ಇನ್ನೊಬ್ಬರು ಸುಮ್ಮನಿರುತ್ತಾರೆಯೇ? ಆರೋಗ್ಯವೇ ಭಾಗ್ಯ ಎಂದು ಎಲ್ಲರೂ ಹೇಳಿ ಮುಗಿಸುವಷ್ಟರಲ್ಲಿ ಸೂರ್ಯ ತೆಂಗಿನ ಮರಗಳ ಮೇಲೆ ಬಂದು ಕೂತಿದ್ದ. ಓಡುವವರೆಲ್ಲ ನಿಂತಲ್ಲೇ ಬೆವರಿ ತೊಪ್ಪೆಯಾಗಿದ್ದರು. ಸಾಲದ್ದಕ್ಕೆ ಕಪ್ಪು ಟೀಶರ್ಟ್. ಕಪ್ಪು ಬಟ್ಟೆಯಲ್ಲಿ ಫೋಟೋ ಚೆನ್ನಾಗಿ ಬರುತ್ತದೆಯಂತೆ!

ಪಕ್ಕದ ಊರಿನಿಂದ ಒಂದು ಆಂಬುಲೆನ್ಸ್ ತರಿಸಿದ್ದರು. ಅದನ್ನು ಎಲ್ಲಿ ನಿಲ್ಲಿಸಿದ್ದರು ಗೊತ್ತೇ? ವೇದಿಕೆಯ ಹಿಂದೆ. ಅದರ ಮುಂದೆ ಅತಿಥಿಗಳ ಕಾರುಗಳು, ಅದರ ಹಿಂದೆ ಅಡುಗೆ ಪಾತ್ರೆಗಳ ವ್ಯಾನು. ನೊಣ ಹೊರಗೆ ಬರಲೂ ದಾರಿ ಇರಲಿಲ್ಲ.

ನಮ್ಮ ಅತ್ತೆ ಮಗನ ಟೀಶರ್ಟಿನ ಬೆನ್ನೊಳಗೆ ಒಂದು ಟವೆಲ್ ತೂರಿಸಿದರು, ಬೆವರು ಹೀರಲಿ ಎಂದು. ಇಲ್ಲಿ ಶಾಲೆಗೆ ಹೋಗುವ ಮಕ್ಕಳಿಗೆ ಹಾಗೆ ಮಾಡುತ್ತಾರೆ. ಹಿಂದಿನ ಸಾಲಿನಲ್ಲಿದ್ದ ರುಫೀನೋ, "ಏ ಪಾಪು, ಹಾಲಿನ ಬಾಟ್ಲಿ ತಂದಿದೀಯಾ?" ಎಂದ. ಸುತ್ತಲಿನವರೆಲ್ಲ ನಕ್ಕರು. ದೆಲ್ಫಿನ್ ಕಿವಿ ಕೆಂಪಾಯಿತು. ಆ ರೋಷದಲ್ಲೇ ಅವನು ಶುರುವಿನಿಂದಲೇ ಕಿತ್ತುಕೊಂಡು ಓಡಿರಬೇಕು.

ನಮ್ಮ ಮನೆ ಇರುವುದು ಓಟ ಮುಗಿಯುವ ಜಾಗಕ್ಕೆ ಮುಂಚಿನ ಕೊನೆಯ ತಿರುವಿನಲ್ಲಿ. ಹಾಗಾಗಿ ನೀರಿನ ಮೇಜು ನಮ್ಮ ಬಾಗಿಲಲ್ಲೇ. ಓಫೆಲಿಯಾ ಅಕ್ಕ ಅಲ್ಲೇ ಇದ್ದಳು. ನಾನು ಎರಡು ಟಬ್ಬಿನಲ್ಲಿ ನೀರು ತುಂಬಿ ಐಸ್ ಹಾಕಿದ್ದೆ. ಅತ್ತೆ ಒಣ ಟವೆಲ್, ಹೊದಿಕೆ, ಫ್ಲಾಸ್ಕಿನಲ್ಲಿ ಬಿಸಿ ಬಿಸಿ ಶುಂಠಿ ಕಷಾಯ ಹಿಡಿದು ಕೂತಿದ್ದರು. ಬಿಸಿಲಿಗೆ ಡಾಂಬರು ಕರಗುತ್ತಿದೆ, ಇವರ ಕೈಯಲ್ಲಿ ಬಿಸಿ ಕಷಾಯ!

ಒಬ್ಬೊಬ್ಬರೇ ಬಂದರು. ಕೆಲವರು ನೀರು ಕುಡಿದರು. ಯಾರೂ ತಲೆಗೆ ಹಾಕಿಕೊಳ್ಳಲಿಲ್ಲ. ಓಫೆಲಿಯಾ ಅಕ್ಕ, "ಸುರ್ಕೊಳ್ರಪ್ಪಾ, ಸುರ್ಕೊಳ್ರಪ್ಪಾ" ಎಂದು ಬಾಯಿ ನೋಯಿಸಿಕೊಂಡದ್ದೇ ಬಂತು. ರುಫೀನೋ ಬಂದ, ಒಂದು ಲೋಟ ಕುಡಿದು, "ನಮ್ಮ ಬನ್ನಪ್ಪ ಇನ್ನೂ ಬಂದಿಲ್ವಾ? ಆಗ್ಲೇ ನನ್ನ ಮುಂದೆ ಹೋಗಿದ್ನಲ್ಲ" ಎಂದು ಸುತ್ತ ನೋಡಿದ.

ಆಗ ದೆಲ್ಫಿನ್ ಕಾಣಿಸಿದ, ನಡುವೆ ಎಲ್ಲೋ ದಾರಿ ತಪ್ಪಿದ್ದಿರಬೇಕು. ಓಡುತ್ತಿರಲಿಲ್ಲ. ರಸ್ತೆಯ ಈ ಬದಿಯಿಂದ ಆ ಬದಿಗೆ, ಆ ಬದಿಯಿಂದ ಈ ಬದಿಗೆ ಕುಡಿದವನ ಹಾಗೆ ಬರುತ್ತಿದ್ದ. ಮುಖ ಬೀಟ್‌ರೂಟಿನ ಹಾಗಿತ್ತು. ನಮ್ಮ ಮನೆಯ ಮುಂದೆ ಬಂದವನು ನನ್ನನ್ನು ನೋಡಿದ, ಆದರೆ ಗುರುತು ಹಿಡಿಯಲಿಲ್ಲ. ಹಿಂದಕ್ಕೆ ತಿರುಗಿ, ಬಂದ ದಾರಿಯಲ್ಲೇ ಹೊರಟ.

"ಏಯ್, ಎಲ್ಲಿಗೋ? ಚರ್ಚು ಈ ಕಡೆ!" ಎಂದು ಯಾರೋ ಕೂಗಿದರು.

"ಒಲೇಲಿ ಬ್ರೆಡ್ಡು ಸೀದು ಹೋಗ್ತಿದೆ" ಎಂದ ದೆಲ್ಫಿನ್. "ಬಾಗಿಲು ತೆಗೀರಿ, ತಟ್ಟೆ ಹೊರಗೆ ಎಳೀಬೇಕು."

ಜನ ಗೊಳ್ಳೆಂದು ನಕ್ಕರು. ರುಫೀನೋ ಹೊಟ್ಟೆ ಹಿಡಿದುಕೊಂಡು ನಕ್ಕ. ದೇವರೇ, ನಾನೂ ತಮಾಷೆ ಎಂದೇ ತಿಳಿದೆ. ಓಫೆಲಿಯಾ ಅಕ್ಕ ಮಾತ್ರ ಲೋಟ ಬಿಸಾಕಿ ಓಡಿದಳು. ಅವಳು ತಲುಪುವ ಮೊದಲೇ ಅವನು ಮೊಣಕಾಲೂರಿ, ಪಕ್ಕಕ್ಕೆ ವಾಲಿ, ಬಿದ್ದ.

ರುಫೀನೋನೇ ಅವನ ಕಂಕುಳಿಗೆ ಕೈ ಹಾಕಿ ಎತ್ತಿದ, ನಮ್ಮ ಜಗಲಿಯ ನೆರಳಿಗೆ ಎಳೆದು ತಂದೆವು. ಅವನ ಮೈ ಮುಟ್ಟಿದರೆ ಚುರ್ ಎನ್ನುತ್ತಿತ್ತು. ಕಣ್ಣು ಅರ್ಧ ತೆರೆದಿತ್ತು, ಕರೆದರೆ ಉತ್ತರವಿಲ್ಲ.

"ನೀರು! ಟಬ್ಬು ತಾ ಲಿಗಾಯಾ!" ಎಂದಳು ಓಫೆಲಿಯಾ ಅಕ್ಕ.

ನಾನು ಟಬ್ಬು ಎತ್ತಿ ತಿರುಗುವಷ್ಟರಲ್ಲಿ ಅತ್ತೆ ಅವನ ಮೈ ಮೇಲೆ ಹೊದಿಕೆ ಎಳೆದು, ಅದರ ಮೇಲೆ ತಾವೇ ಅಡ್ಡ ಬಿದ್ದಿದ್ದರು. "ನೀರು ಹಾಕ್ಬೇಡಿ! ಯಾರೂ ನೀರು ಹಾಕ್ಬೇಡಿ! ನನ್ನ ಮಗ ಹಾಳಾಗಿ ಹೋಗ್ತಾನೆ!"

"ನಾನಾಯ್, ಏಳಿ!"

"ಮುಟ್ಟಿದ್ರೆ ನೋಡು! ಮೊದಲು ಕಾವು ಇಳೀಲಿ. ತಾನಾಗೇ ಇಳಿಯತ್ತೆ. ಗಾಳಿ ತಗುಲಬಾರ್ದು."

"ಇಳಿಯಲ್ಲ ನಾನಾಯ್, ಏರ್ತಾನೇ ಇರತ್ತೆ! ತಲೆಗೆ ಏರಿಬಿಟ್ಟಿದೆ, ಅದಕ್ಕೇ ಏನೇನೋ ಮಾತಾಡಿದ್ದು!"

ಬೀದಿಯ ಹೆಂಗಸರೆಲ್ಲ ಸೇರಿದರು. ಒಬ್ಬಳು ಅತ್ತೆಯ ಪರ. ಇನ್ನೊಬ್ಬಳು ವಿನೆಗರ್ ಮೂಗಿಗೆ ಹಿಡಿಯಿರಿ ಎಂದಳು. ಟ್ರೈಸಿಕಲ್ ಗಾಡಿ ಓಡಿಸುವ ಮಾಂಗ್ ಬೆರ್ತಿಂಗ್ ಹಾರ್ನ್ ಹೊಡೆಯುತ್ತಾ, "ನೀರೂ ಬೇಡ ಗೀರೂ ಬೇಡ, ಗಾಡೀಲಿ ಹಾಕಿ, ಆಸ್ಪತ್ರೆಗೆ ಹೊಡೀತೀನಿ" ಎಂದು ಕೂಗಿದ.

"ಆಸ್ಪತ್ರೆ ಗುಡ್ಡದಾಚೆ ಇದೆ ಮಾಂಗ್ ಬೆರ್ತಿಂಗ್! ಅಷ್ಟು ದೂರ ಇವನು ಬೇಯ್ತಾನೇ ಹೋಗ್ಬೇಕಾ?" ಎಂದು ಓಫೆಲಿಯಾ ಅಕ್ಕ ಗದರಿದಳು. "ಮೊದಲು ಇಲ್ಲೇ ತಂಪು ಮಾಡ್ಬೇಕು, ಆಮೇಲೆ ಗಾಡಿ. ಯಾರಾದ್ರೂ ಓಡಿ ಆ ಆಂಬುಲೆನ್ಸ್ ಮುಂದಿನ ಕಾರುಗಳನ್ನ ತೆಗ್ಸಿ!"

ರುಫೀನೋ ಓಡಿದ.

ನಾನು ಟಬ್ಬು ಹಿಡಿದು ನಿಂತೇ ಇದ್ದೆ. ನನ್ನ ಫ್ರೀಜರಿನ ತುಂಬ ಐಸ್, ನನ್ನ ಕೈಯಲ್ಲಿ ನೀರು, ನನ್ನ ಗಂಡ ನನ್ನ ಬಾಗಿಲಲ್ಲೇ ಬೆಂದು ಸಾಯುತ್ತಿದ್ದಾನೆ, ನಡುವೆ ಒಂದು ಹೊದಿಕೆ! ಅತ್ತೆಯನ್ನು ಜುಟ್ಟು ಹಿಡಿದು ಎಳೆದುಹಾಕೋಣ ಎನ್ನಿಸಿತು. ಸುಳ್ಳು ಯಾಕೆ ಹೇಳಲಿ. "ನಾನಾಯ್, ಅವನು ನಿಮ್ಮೊಬ್ಬರ ಮಗ ಅಲ್ಲ, ನನ್ನ ಗಂಡನೂ ಹೌದು! ಏಳ್ತೀರೋ ಇಲ್ವೋ?" ಎಂದು ಕಿರುಚಿದೆ. ಅವರು ಇನ್ನೂ ಗಟ್ಟಿಯಾಗಿ ಅವುಚಿಕೊಂಡರು.

ಓಫೆಲಿಯಾ ಅಕ್ಕ ಅವರ ಪಕ್ಕದಲ್ಲಿ ನೆಲಕ್ಕೆ ಕೂತಳು. ಕಿರುಚಲಿಲ್ಲ. ಅವರ ಬಲಗೈ ಹಿಡಿದು ಹೊದಿಕೆಯೊಳಗೆ ಒಯ್ದು ಮಗನ ಎದೆಯ ಮೇಲೆ ಇಟ್ಟಳು.

"ಜೀವಮಾನ ಎಲ್ಲ ಇಸ್ತ್ರಿ ಮಾಡಿದ ಕೈ ಇದು ನಾನಾಯ್. ನೀವೇ ಹೇಳಿ. ಇದು ಇರಬೇಕಾದಷ್ಟು ಬಿಸೀನಾ?"

ಅತ್ತೆ ಕೈ ತೆಗೆಯಲು ಹೋದರು. ತೆಗೆಯಲಿಲ್ಲ. ಅವರ ಮುಖ ಬಣ್ಣಗೆಟ್ಟಿತು.

"ಪಾಸ್ಮಾ ಬಂದ್ರೆ ಬರ್ಲಿ" ಎಂದಳು ಓಫೆಲಿಯಾ ಅಕ್ಕ. "ನೀವು ಹೇಳಿದ್ದೇ ನಿಜ ಅಂತ ಇಟ್ಕೊಳ್ಳಿ. ಕೈ ನಡುಗ್ಲಿ. ನಡುಗೋ ಕೈಲೇ ನೀವು ಇವನನ್ನ ಸಾಕಿಲ್ವಾ? ನಡುಗೋ ಕೈ ಇಟ್ಕೊಂಡು ಬದುಕಬಹುದು ನಾನಾಯ್. ಇವನು ಬದುಕ್ಲಿ, ಆಮೇಲೆ ನಡುಗ್ಲಿ."

ಅತ್ತೆ ಎದ್ದರು. ಹೊದಿಕೆ ಎಳೆದು ಬಿಸಾಡಿದರು. ನಾನು ಮುಂದೆ ಬಂದರೆ ನನ್ನ ಕೈಯಿಂದ ಟಬ್ಬು ಕಿತ್ತುಕೊಂಡು, "ಇತ್ತ ಕೊಡೇ!" ಎಂದವರೇ, ಆ ಗಡಗಡ ನಡುಗುವ ಕೈಗಳಲ್ಲೇ ಅಷ್ಟೂ ಐಸ್ ನೀರನ್ನು ಮಗನ ತಲೆಯಿಂದ ಕಾಲಿನ ತನಕ ಸುರಿದರು. ಅರ್ಧ ನೆಲಕ್ಕೆ ಚೆಲ್ಲಿತು. ಅಳುತ್ತಾ ಸುರಿದರು. "ಇನ್ನೊಂದು ತಾ! ನೋಡ್ತಾ ನಿಂತಿದೀಯಲ್ಲ, ತಾರೇ!" ಎಂದು ನನ್ನನ್ನೇ ಬೈದರು. ನೋಡುತ್ತಾ ನಿಂತವಳು ನಾನಂತೆ!

ಆಮೇಲೆ ಬೀದಿಗೆ ಬೀದಿಯೇ ಕೆಲಸಕ್ಕೆ ಬಿತ್ತು. ಓಫೆಲಿಯಾ ಅಕ್ಕ ಕಪ್ಪು ಟೀಶರ್ಟನ್ನು ಕತ್ತರಿಯಿಂದ ಸೀಳಿದಳು, ಹೆಸರಿನ ಸಮೇತ. ಐಸ್ ಚೀಲಗಳನ್ನು ಬಟ್ಟೆಯಲ್ಲಿ ಸುತ್ತಿ ಕತ್ತಿಗೆ, ಕಂಕುಳಿಗೆ, ತೊಡೆಸಂದಿಗೆ ಇಟ್ಟೆವು. ಒಬ್ಬರು ನೀರು ಸುರಿಯುವುದು, ಇನ್ನೊಬ್ಬರು ರಟ್ಟಿನಿಂದ ಗಾಳಿ ಬೀಸುವುದು. ವಿನೆಗರ್ ತಂದವಳು ವಿನೆಗರ್ ಇಟ್ಟು ಬೀಸಣಿಗೆ ಹಿಡಿದಳು. ಯಾರೋ ಅವನ ಬಾಯಿಗೆ ನೀರು ಹೊಯ್ಯಲು ಬಂದರು. "ಎಚ್ಚರ ಇಲ್ಲದೋರ ಬಾಯಿಗೆ ಏನೂ ಹಾಕ್ಬೇಡಿ, ಉಸಿರಿಗೆ ಸಿಕ್ಕಿಕೊಳ್ಳತ್ತೆ" ಎಂದು ಓಫೆಲಿಯಾ ಅಕ್ಕ ಕೈ ತಡೆದಳು.

ಎಷ್ಟು ಹೊತ್ತಾಯಿತೋ ಗೊತ್ತಿಲ್ಲ. ಅವನು ಒಮ್ಮೆ ನರಳಿದ. ಕಣ್ಣು ಹೊರಳಿಸಿದ. ಅತ್ತೆಯನ್ನು ನೋಡಿ, "ನಾನಾಯ್... ಚಳಿ" ಎಂದ. ಅವರು ಟಬ್ಬು ಹಾಗೇ ಕೈಬಿಟ್ಟು, ಅವನ ಒದ್ದೆ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತರು.

ಕಾರುಗಳನ್ನೆಲ್ಲ ತೆಗೆಸಿ ಆಂಬುಲೆನ್ಸ್ ಬಂದದ್ದು ಆಗ. ಅದರ ಮುಂದೆ ದಾರಿ ಬಿಡಿಸುತ್ತಾ ಓಡಿ ಬಂದವನು ರುಫೀನೋ. ಓಟ ಮುಗಿಸದೆ ಬಿಟ್ಟವರ ಪೈಕಿ ಅವನೂ ಒಬ್ಬ.

ಆಸ್ಪತ್ರೆಯಲ್ಲಿ ಎಳೆಯ ವಯಸ್ಸಿನ ಡಾಕ್ಟರಮ್ಮ ದೆಲ್ಫಿನ್‌ನನ್ನು ಪರೀಕ್ಷೆ ಮಾಡಿ ಹೊರಗೆ ಬಂದಳು. "ಇವರ ಮೇಲೆ ನೀರು ಹಾಕಿದ್ದು ಯಾರು?" ಎಂದು ಕೇಳಿದಳು.

ಅತ್ತೆ ಕುರ್ಚಿಯಿಂದ ಎದ್ದು ನಿಂತರು. ಶಾಲೆಯಲ್ಲಿ ಸಿಕ್ಕಿಬಿದ್ದ ಹುಡುಗಿಯ ಹಾಗೆ ಟವೆಲಿನಲ್ಲಿ ಕೈ ಮುಚ್ಚಿಕೊಂಡಿದ್ದರು. "ನಾನೇ ಡಾಕ್ಟ್ರೇ. ತಪ್ಪಾಯ್ತಾ?"

"ತಪ್ಪಾ? ನೀವು ಹಾಗೆ ತಂಪು ಮಾಡದೆ ಕರ್ಕೊಂಡು ಬಂದಿದ್ರೆ ನಾನು ಮಾಡೋದಕ್ಕೆ ಹೆಚ್ಚೇನೂ ಉಳೀತಿರ್ಲಿಲ್ಲ ಲೋಲಾ. ಮೆದುಳು, ಮೂತ್ರಪಿಂಡ ಎಲ್ಲ ಬೆಂದುಹೋಗತ್ತೆ. ಮಗನ್ನ ಉಳಿಸ್ಕೊಂಡಿದೀರಿ."

ಅತ್ತೆ ದೊಪ್ಪನೆ ಕೂತರು. ಆಗ ಟವೆಲಿನಿಂದ ಕೈ ಹೊರಬಂತು. ಡಾಕ್ಟರಮ್ಮ ಆ ನಡುಕವನ್ನು ನೋಡಿದಳು. "ಇದು ಯಾವಾಗಿಂದ?" ಎಂದಳು. ಪಾಸ್ಮಾ, ಬಾವಿ ನೀರು, ಎಲ್ಲ ಕಥೆಯೂ ಬಂತು. ಡಾಕ್ಟರಮ್ಮ ಪೂರ್ತಿ ಕೇಳಿಸಿಕೊಂಡಳು, ನಗಲಿಲ್ಲ. "ನಿಮ್ಮ ತಾಯಿಗೂ ಹೀಗೇ ಇತ್ತಾ?" ಎಂದಳು.

"ಇತ್ತು. ಅವಳೂ ಇಸ್ತ್ರಿ ಮಾಡ್ತಿದ್ಲಲ್ಲ."

"ಮಾವಂದಿರಿಗೆ? ಅಂದ್ರೆ ನಿಮ್ಮ ತಾಯಿಯ ಅಣ್ಣ ತಮ್ಮಂದಿರಿಗೆ?"

ಅತ್ತೆ ಯೋಚಿಸಿದರು. "ಒಬ್ಬನಿಗಿತ್ತು. ಅವನು ಇಸ್ತ್ರಿಪೆಟ್ಟಿಗೆ ಮುಟ್ಟಿದೋನೇ ಅಲ್ಲ" ಎಂದು ತಾವೇ ಹೇಳಿ, ತಮ್ಮ ಕೈಯನ್ನೇ ತಿರುಗಿಸಿ ನೋಡಿಕೊಂಡರು.

ಆಮೇಲೆ ಪರೀಕ್ಷೆಗಳಾದವು. ಅದು ಕೆಲವು ಮನೆತನಗಳಲ್ಲಿ ಬರುವ ನರದ ನಡುಕವಂತೆ. ಮಾತ್ರೆ ಕೊಟ್ಟಿದ್ದಾರೆ. ಪೂರ್ತಿ ಹೋಗಿಲ್ಲ, ಆದರೆ ಕಾಫಿ ಈಗ ಬಹುಪಾಲು ಬಾಯಿಗೇ ಹೋಗುತ್ತದೆ. ಮೊದಲ ಸಲ ಲೋಟ ಚೆಲ್ಲದೆ ಕುಡಿದ ದಿನ ಅವರು ಸಂತೋಷ ಪಡುತ್ತಾರೆ ಎಂದುಕೊಂಡಿದ್ದೆ. ಅವರು ಅತ್ತರು. "ಇಷ್ಟು ವರ್ಷ ಸುಮ್ನೆ ನೀರನ್ನ ಬೈದ್ನಲ್ಲೇ ಲಿಗಾಯಾ. ಆ ಹೆದರಿಕೇಲಿ ಇನ್ನೇನು ಮಗನ್ನೇ ಸುಟ್ಟುಬಿಡ್ತಿದ್ದೆ" ಎಂದರು. ನನಗೆ ಅವರ ಮೇಲಿದ್ದ ಸಿಟ್ಟು ಅವತ್ತು ಹೋಯಿತು. ಹೋಯಿತು ಎಂದರೆ, ಆ ಸಿಟ್ಟು ಹೋಯಿತು. ಬೇರೆ ಸಿಟ್ಟುಗಳಿವೆ.

ಯಾಕೆಂದರೆ ಈಗ ನೋಡಿ. ದೆಲ್ಫಿನ್ ಎಷ್ಟೋ ವಾರ ಸುಸ್ತಾಗಿ ಮಲಗಿದ್ದು, ಈಗ ಬೇಕರಿಗೆ ಹೋಗುತ್ತಿದ್ದಾನೆ. ಬಂದ ಕೂಡಲೇ ಅವನ ಕೈ ತೊಳೆಸುವುದು ನಾನಲ್ಲ, ಅವನ ಅಮ್ಮ. ತಂಬಿಗೆ ಹಿಡಿದು ಬಾಗಿಲಲ್ಲೇ ನಿಂತಿರುತ್ತಾರೆ. ನನ್ನ ಅಂಗಡಿಯ ಐಸ್ ಮಾರಾಟಕ್ಕೇ ಉಳಿಯುತ್ತಿಲ್ಲ. ಬೀದಿಯಲ್ಲಿ ಬೆವರು ಸುರಿಸುತ್ತಾ ಯಾರೇ ಹೋಗಲಿ, ಗಾರೆ ಕೆಲಸದವರು, ಟ್ರೈಸಿಕಲ್ಲಿನವರು, ಅಂಚೆಯವನು, ಅತ್ತೆ ಅವರನ್ನು ಕರೆದು ತಲೆಗೆ ನೀರು ಹೊಯ್ದೇ ಕಳಿಸುವುದು. ಮೊನ್ನೆ ಅಂಚೆಯವನ ಚೀಲವೆಲ್ಲ ಒದ್ದೆ. "ಪಾಸ್ಮಾ ಬಂದ್ರೆ ಏನ್ ಮಾಡ್ಲಿ ಲೋಲಾ?" ಎಂದು ಅವನು ಗೊಣಗಿದರೆ, "ಬಂದ್ರೆ ನನ್ ಹತ್ರ ಕಳ್ಸು, ಅದಕ್ಕೂ ನಾಲ್ಕು ಚೊಂಬು ಹಾಕ್ತೀನಿ" ಎಂದರು. ಯಾರಿಗೆ ಹೇಳಲಿ ನಾನು?

ಈಗ ನಿಮಗೇ ಒಂದು ಮಾತು. ಈ ಕಥೆ ಕೇಳುತ್ತಾ ಕೂತಿದ್ದೀರಲ್ಲ, ನಿಮ್ಮ ಊರಿನಲ್ಲೂ ಓಟ ಇರುತ್ತದೆ. ನಿಮ್ಮ ಮನೆಯಲ್ಲೂ ಹೊಸದಾಗಿ ಶೂ ಕೊಂಡವರೊಬ್ಬರು ಇರುತ್ತಾರೆ. ಓಡಲಿ, ಯಾರು ಬೇಡ ಎಂದರು? ಆದರೆ ಜ್ವರ ಬಂದು ಎದ್ದವರನ್ನು ಆ ವಾರ ಓಡಲು ಬಿಡಬೇಡಿ, ಕೋಪ ಮಾಡಿಕೊಂಡರೆ ಮಾಡಿಕೊಳ್ಳಲಿ. ಬಾಯಾರಿಕೆ ಆಗುವ ತನಕ ಕಾಯದೆ ನೀರು ಕುಡಿಯಲು ಹೇಳಿ. ಓಟ ನಡೆಸುವ ದೊಡ್ಡ ಮನುಷ್ಯರೇ, ಭಾಷಣ ಓಟ ಮುಗಿದ ಮೇಲೆ ಇಟ್ಟುಕೊಳ್ಳಿ. ಆಂಬುಲೆನ್ಸಿನ ಮುಂದೆ ನಿಮ್ಮ ಕಾರು ನಿಲ್ಲಿಸಬೇಡಿ.

ಬಿಸಿಲಲ್ಲಿ ಓಡುತ್ತಿದ್ದವರು ತೂರಾಡಿದರೆ, ಅಡ್ಡಾದಿಡ್ಡಿ ಮಾತಾಡಿದರೆ, ದಾರಿ ತಪ್ಪಿದರೆ ನಗಬೇಡಿ. ಅದು ತಮಾಷೆಯಲ್ಲ. ಬೆವರುತ್ತಿದ್ದಾರಲ್ಲ, ಪರವಾಗಿಲ್ಲ ಎಂದೂ ಸುಮ್ಮನಿರಬೇಡಿ. ಆಂಬುಲೆನ್ಸಿಗೆ ಹೇಳಿಕಳಿಸಿ, ನೆರಳಿಗೆ ತನ್ನಿ, ಬಟ್ಟೆ ಸಡಿಲಿಸಿ, ಮೈ ತುಂಬ ತಣ್ಣೀರು ಸುರಿದು ಗಾಳಿ ಬೀಸಿ. ಗಾಡಿ ಬರುವ ತನಕ ನಿಲ್ಲಿಸಬೇಡಿ. ಹೊದಿಸಬೇಡಿ. ನಿಮ್ಮ ಅತ್ತೆ ಅಡ್ಡ ಬರಬಹುದು, ಪಕ್ಕದ ಮನೆಯವರು ಬಾಯಿ ಮಾಡಬಹುದು, ಬೀದಿಯೇ ಸೇರಿ ನಿಮ್ಮನ್ನು ಬೈಯಬಹುದು. ಬೈಯಲಿ. ಜಗಳವನ್ನು ನಾಳೆಯೂ ಆಡಬಹುದು, ಬೇಕಾದರೆ ಆ ಮನುಷ್ಯನೇ ಎದ್ದು ಬಂದು ಒದ್ದೆ ಬಟ್ಟೆಗೆ ನಿಮ್ಮ ಹತ್ತಿರ ಜಗಳ ಆಡಲಿ. ಮೊದಲು ನೀರು ಸುರಿಯಿರಿ.